ವರದಾ ದಂಡೆಯಿಂದ ಹಾಯಿಹಡಗಿನವರೆಗೆ

ಹಾವೇರಿ ಜಿಲ್ಲೆಯ ಹೊಸರಿತ್ತಿ ವರದಾ ನದಿಯ ದಂಡೆಯ ಊರು. ಸ್ವಾತಂತ್ರ್ಯ ಹೋರಾಟದ ಇತಿಹಾಸ ಓದಿದವರಿಗೆ ಈ ಹೆಸರು ಹೊಸದಲ್ಲ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದದ್ದು ಇಲ್ಲಿಯೇ. ಉಳಿದಂತೆ ಇದು ಹತ್ತಿ, ಗೋವಿನಜೋಳ, ಮೆಣಸಿನಕಾಯಿಗಳ ಸೀಮೆ. ನೀರಿನ ವಾಹನವೆಂದರೆ ನಮ್ಮ ಜನರ ಕಣ್ಣ ಮುಂದೆ ಬರುವುದು ಬಿದಿರಿನ ಹರಿಗೋಲು. ಸಮುದ್ರ ನೋಡಬೇಕೆಂದರೆ ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ ಸಾಗಬೇಕು.

ಇಂಥ ಊರಿನ ಶಾಲೆಯ ಹುಡುಗನೊಬ್ಬ ಹಾಯಿಹಡಗಿನ ಕಿಟ್ ಬೇಕೆಂದು ಹಟ ಹಿಡಿದರೆ ತಂದೆಗೆ ಸೋಜಿಗವಾಗುವುದು ಸಹಜ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಬಳಿದು, ದಾರ ಕಟ್ಟಿ ಮಾಡುವ ಪುಟ್ಟ ಹಡಗು ಅದು. ‘ಸರ್, ನಮ್ಮೂರಾಗ ಹರಿಗೋಲು ಬಿಟ್ರ ಬ್ಯಾರೆ ಏನೈತ್ರಿ? ಈ ಹಡಗ ತಗೊಂಡು ಇವ ಏನ್ ಮಾಡ್ತಾನ್ರಿ? ಇದರ ರೊಕ್ಕದಾಗ ವರ್ಷದ ಪುಸ್ತಕ ಬರ್ತಾವಲ್ರೀ’ ಎಂದು ಪಾಲಕರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಎರಡು ಮಾತಿನಲ್ಲಿ ಮುಗಿಸುವಂತಿಲ್ಲ. ಮೊದಲು ನಮ್ಮ ಸೀಮೆಯಿಂದ ಕಡಲಿಗೆ ಹೋಗುವ ಹಳೆಯ ದಾರಿಯಲ್ಲಿ ಒಂದು ಸುತ್ತು ಹೋಗಿಬರಬೇಕು.

ಹತ್ತಿಯ ದಾರಿ

ವರದೆ ಹುಟ್ಟುವುದು ಸಾಗರ ತಾಲೂಕಿನ ವರದಾಮೂಲದಲ್ಲಿ. ಪಶ್ಚಿಮದ ಕಡಲು ಅಲ್ಲಿಂದ ದೂರವಿಲ್ಲ. ಆದರೂ ಹೊಳೆ ಆ ಕಡೆ ತಿರುಗದೆ ಬನವಾಸಿಯನ್ನು ಬಳಸಿ, ನಮ್ಮೂರನ್ನು ಹಾದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಮುಂದೆ ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಮ್ಮ ನೀರು ಮೂಡಣಕ್ಕೆ ಹರಿದರೆ, ನಮ್ಮ ಹತ್ತಿ ಮಾತ್ರ ಪಡುವಣಕ್ಕೇ ಹರಿಯಿತು.

ಹತ್ತೊಂಬತ್ತನೇ ಶತಮಾನದಲ್ಲಿ ಆಗಿನ ಧಾರವಾಡ ಜಿಲ್ಲೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಾಯಿ ಕಟ್ಟಿದ ಪತ್ತೆಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ದೊಡ್ಡ ಹಡಗುಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ. ಬೆಳೆದದ್ದು ಬಯಲುಸೀಮೆಯ ಎರೆಮಣ್ಣಿನಲ್ಲಾದರೂ ವ್ಯಾಪಾರಿಗಳು ಅದಕ್ಕೆ ಇಟ್ಟ ಹೆಸರು ‘ಕುಮಟಾ ಹತ್ತಿ’. ಹಡಗು ಹತ್ತಿದ ಊರಿನ ಹೆಸರೇ ಬೆಳೆಗೆ ನಿಂತುಬಿಟ್ಟಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಲಂಕಾಶೈರಿನ ಗಿರಣಿಗಳಿಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂದ ಬೇಡಿಕೆ ಅಷ್ಟಿಷ್ಟಲ್ಲ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನ ಹಾಗೂ ಹತ್ತಿಯ ಲೆಕ್ಕಾಚಾರವಿತ್ತು.

ಇಂದು ಹಾವೇರಿಯಿಂದ ಹಾನಗಲ್ಲ, ಶಿರಸಿ ದಾಟಿ ದೇವಿಮನೆ ಘಟ್ಟವಿಳಿದರೆ ಕುಮಟಾ ಸಿಗುತ್ತದೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತ ಮಕ್ಕಳಿಗೆ, ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಗಳು ಇಂಥ ಘಟ್ಟವನ್ನು ಇಳಿಯುತ್ತಿದ್ದುದನ್ನು ಊಹಿಸಿಕೊಳ್ಳಲು ಹೇಳಬೇಕು. ಎತ್ತಿಗೆ ಇಳಿಜಾರು ಏರಿಗಿಂತ ಕಷ್ಟ. ಗಾಡಿಯ ಭಾರವೆಲ್ಲ ಅದರ ಕೊರಳಿಗೆ ಒತ್ತುತ್ತದೆ. 1880ರ ದಶಕದಲ್ಲಿ ಹುಬ್ಬಳ್ಳಿಯ ಕಡೆಗೆ ರೈಲು ಬಂದಿತು, ಮುರ್ಮಗೋವಾ ಬಂದರಿಗೆ ಹಳಿ ಕೂಡಿತು. ಕುಮಟಾದ ಹತ್ತಿ ವ್ಯಾಪಾರ ಇಳಿದುಹೋಯಿತು. ಪತ್ತೆಮಾರಿಗಳೂ ಕಾಲಕ್ರಮದಲ್ಲಿ ಕಣ್ಮರೆಯಾದವು.

ಕಾರವಾರದಲ್ಲಿ ನೋಡಬೇಕಾದದ್ದು

ಕುಮಟಾದಿಂದ ಅಂಕೋಲಾ ಮಾರ್ಗವಾಗಿ ಕಾರವಾರಕ್ಕೆ ಬಂದರೆ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಐಎನ್‌ಎಸ್ ಚಪಲ್’ ಯುದ್ಧನೌಕೆಯನ್ನು ನೆಲದ ಮೇಲೆ ನಿಲ್ಲಿಸಿದ್ದಾರೆ. 2006ರಿಂದ ಅದು ವಸ್ತುಸಂಗ್ರಹಾಲಯ. ನೀರಿನಲ್ಲಿ ತೇಲುವಾಗ ಕಾಣದ ಹಡಗಿನ ಹೊಟ್ಟೆಯನ್ನು ಇಲ್ಲಿ ಕಣ್ಣಾರೆ ನೋಡಬಹುದು. ಹಡಗಿಗೆ ಅಡಿಮರವೇಕೆ, ಹರಿಗೋಲಿಗೆ ಅದೇಕಿಲ್ಲ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹರಿಗೋಲು ದುಂಡಗಿದೆ. ಎತ್ತ ತಳ್ಳಿದರೂ ನೀರಿನ ತಡೆ ಒಂದೇ, ಆದ್ದರಿಂದ ಅದು ಗಿರಗಿರನೆ ಸುತ್ತುತ್ತದೆ. ಉದ್ದನೆಯ ಹಡಗು ಮುಂದಕ್ಕೆ ಸಲೀಸಾಗಿ ಹೋಗುತ್ತದೆ, ಅಡ್ಡಕ್ಕೆ ಜಾರಲು ಒಪ್ಪುವುದಿಲ್ಲ. ಈ ಗುಣ ಇರುವುದರಿಂದಲೇ ಪಕ್ಕದಿಂದ ಬೀಸುವ ಗಾಳಿಯಲ್ಲೂ ಹಾಯಿಹಡಗು ಮುಂದೆ ಸಾಗುತ್ತದೆ.

ಇದೇ ಕಾರವಾರದಲ್ಲಿ 2025ರ ಮೇ 21ರಂದು ‘ಐಎನ್‌ಎಸ್‌ವಿ ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಯನ್ನು ಸೇರಿತು. ಅಜಂತಾ ಗುಹೆಯಲ್ಲಿರುವ ಐದನೇ ಶತಮಾನದ ಹಡಗಿನ ಚಿತ್ರವನ್ನು ಆಧರಿಸಿ ಗೋವಾದಲ್ಲಿ ಕಟ್ಟಿದ ಹಡಗಿದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದೇ ವರ್ಷದ ಡಿಸೆಂಬರ್ 29ರಂದು ಇದು ಪೋರಬಂದರಿನಿಂದ ಒಮಾನಿನ ಮಸ್ಕತ್ತಿಗೆ ಹೊರಟಿತು. ಪಾಲಕರು ಗಮನಿಸಬೇಕಾದ ಸಂಗತಿ ಮುಂದಿದೆ. ಕಟ್ಟುವವರ ಕೈಯಲ್ಲಿ ಹಳೆಯ ನಕ್ಷೆ ಒಂದೂ ಇರಲಿಲ್ಲ, ಇದ್ದದ್ದು ಗೋಡೆಯ ಮೇಲಿನ ಚಿತ್ರ. ಅದು ನೀರಿನಲ್ಲಿ ಹೇಗೆ ವರ್ತಿಸೀತು ಎಂಬುದನ್ನು ಮದ್ರಾಸಿನ ಐಐಟಿಯಲ್ಲಿ ಸಣ್ಣ ಮಾದರಿಯನ್ನಿಟ್ಟು ಪರೀಕ್ಷಿಸಿದರು. ಮಾದರಿ ಮಾಡುವುದು ಮಕ್ಕಳಾಟವಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಪೆಟ್ಟಿಗೆಯೊಳಗೆ ಏನಿರುತ್ತದೆ?

ಈಗ ಕಿಟ್‌ಗಳ ವಿಷಯಕ್ಕೆ ಬರೋಣ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಿ ಬಿಡಿಭಾಗಗಳನ್ನು ತೆಗೆಯುತ್ತಾರೆ. ಅವು ಒಂದು ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಜೊತೆಗೆ ಸೂಚನಾಪತ್ರ, ದಾರ, ಧ್ವಜಗಳ ಕಾಗದ. ಕೆಲವದರಲ್ಲಿ ತೆಳು ಪ್ಲಾಸ್ಟಿಕ್ಕಿನ ಹಾಯಿಗಳೂ ಇರುತ್ತವೆ.

ಹೆಸರಾಂತ ಕಂಪನಿಗಳು ಬೆರಳೆಣಿಕೆಯಷ್ಟು. ಇಂಗ್ಲೆಂಡಿನ ಏರ್‌ಫಿಕ್ಸ್ 1939ರಲ್ಲಿ ಆರಂಭವಾಯಿತು. 1952ರಲ್ಲಿ ಅದು ಹೊರತಂದ ‘ಗೋಲ್ಡನ್ ಹೈಂಡ್’ ಕಿಟ್, 1577ರಿಂದ 1580ರವರೆಗೆ ಭೂಮಿ ಸುತ್ತಿ ಬಂದ ಡ್ರೇಕನ ಹಡಗಿನದು. ಇತ್ತೀಚಿನ ವರ್ಷಗಳಲ್ಲಿ ಈ ಕಂಪನಿಯ ಕೆಲವು ಪೆಟ್ಟಿಗೆಗಳ ಮೇಲೆ ‘ಮೇಡ್ ಇನ್ ಇಂಡಿಯಾ’ ಎಂದಿರುವುದನ್ನೂ ಕಾಣಬಹುದು. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯಲ್ಲೂ ಬೇರುಬಿಟ್ಟ ರೆವೆಲ್, 1957ರ ಫ್ರಾನ್ಸಿನ ಹೆಲ್ಲರ್, 1990ರ ರಷ್ಯದ ಜ್ವೆಜ್ದಾ ಉಳಿದ ಮುಖ್ಯ ಹೆಸರುಗಳು.

ಹೋಲಿಸುವಾಗ ಮೊದಲು ನೋಡಬೇಕಾದದ್ದು ಕಂಪನಿಯಲ್ಲ, ಪ್ರಮಾಣ. ‘ಕಟಿ ಸಾರ್ಕ್’ ಎಂಬ ಹಡಗನ್ನೇ ತೆಗೆದುಕೊಳ್ಳಿ. 1869ರಲ್ಲಿ ನೀರಿಗಿಳಿದು ಚೀನದಿಂದ ಚಹಾ, ಆಮೇಲೆ ಆಸ್ಟ್ರೇಲಿಯದಿಂದ ಉಣ್ಣೆ ಹೊತ್ತ ಹಡಗಿದು. ಈಗ ಲಂಡನ್ನಿನ ಗ್ರಿನಿಚ್‌ನಲ್ಲಿದೆ. ಅದು ಹುಟ್ಟಿದ ವರ್ಷವೇ ಸುಯೆಜ್ ಕಾಲುವೆ ತೆರೆದು, ಹಾಯಿಹಡಗುಗಳ ಕಾಲಕ್ಕೆ ಇಳಿಹೊತ್ತು ಬಂದಿತು. ಮುಂದೆ ಚಾಚಿದ ಮರವೂ ಸೇರಿ ಅದರ ಉದ್ದ ಸುಮಾರು 85 ಮೀಟರು. ರೆವೆಲ್ ಇದನ್ನು 1:96 ಪ್ರಮಾಣದಲ್ಲೂ 1:220 ಪ್ರಮಾಣದಲ್ಲೂ ತಂದಿದೆ. ಏರ್‌ಫಿಕ್ಸ್‌ನದು 1:130. ಭಾಗಿಸಿ ನೋಡಿ. ಮೊದಲನೆಯದು ಸುಮಾರು 89 ಸೆಂಟಿಮೀಟರು, ಎರಡನೆಯದು 39, ಮೂರನೆಯದು 65. ಮನೆಯಲ್ಲಿ ಎಷ್ಟು ಜಾಗವಿದೆ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. 89 ಸೆಂಟಿಮೀಟರಿನ ಹಡಗು ನಮ್ಮ ಮನೆಗಳ ಮಾಡಗಳಲ್ಲಿ ಕೂಡ್ರುವುದಿಲ್ಲ.

ಎರಡನೆಯದು ಹಗ್ಗದ ಕಟ್ಟು. ಹಾಯಿಹಡಗಿನ ಕಷ್ಟವೆಲ್ಲ ಇರುವುದು ಇಲ್ಲಿಯೇ. ಸಣ್ಣ ಕಿಟ್‌ಗಳಲ್ಲಿ ಹಗ್ಗದ ಏಣಿಗಳನ್ನು ಪ್ಲಾಸ್ಟಿಕ್ಕಿನಲ್ಲೇ ಎರಕ ಹೊಯ್ದಿರುತ್ತಾರೆ, ಕಟ್ಟಬೇಕಾದ ದಾರ ಕಡಿಮೆ. 1805ರ ಟ್ರಫಾಲ್ಗರ್ ಯುದ್ಧದ ‘ವಿಕ್ಟರಿ’ ಹಡಗನ್ನು ಏರ್‌ಫಿಕ್ಸ್ 1:180ರಲ್ಲಿ ಕೊಟ್ಟರೆ ಹೆಲ್ಲರ್ 1:100ರಲ್ಲಿ ಕೊಟ್ಟಿದೆ. ಹೆಲ್ಲರ್ ಕಿಟ್‌ನ ಬಿಡಿಭಾಗಗಳು ಎರಡು ಸಾವಿರಕ್ಕೂ ಹೆಚ್ಚು. ಪಳಗಿದ ದೊಡ್ಡವರಿಗೇ ಅದು ವರ್ಷಗಟ್ಟಲೆಯ ಕೆಲಸ. ಎಸ್‌ಎಸ್‌ಎಲ್‌ಸಿ ಹುಡುಗನಿಗೆ ಅದನ್ನು ಕೊಡಿಸುವುದು ಅಂಬೆಗಾಲಿಡುವ ಕೂಸನ್ನು ಗುಡ್ಡ ಹತ್ತು ಎಂದಂತೆ.

ಮೂರನೆಯದು ಅಚ್ಚಿನ ವಯಸ್ಸು. ಪೆಟ್ಟಿಗೆ ಹೊಸದಿದ್ದರೂ ಒಳಗಿನ ಅಚ್ಚು ಹಳೆಯದಿರಬಹುದು. ರೆವೆಲ್‌ನ 1:96ರ ಕಟಿ ಸಾರ್ಕ್ ಮೊದಲು ಬಂದದ್ದು 1959ರಲ್ಲಿ. ಸವೆದ ಅಚ್ಚಿನಿಂದ ಬಂದ ಭಾಗಗಳ ಅಂಚಿನಲ್ಲಿ ತೆಳು ಪೊರೆ ಉಳಿದಿರುತ್ತದೆ, ಅದನ್ನು ಹೆರೆದು ಸರಿಪಡಿಸಿಕೊಳ್ಳಬೇಕು. ಹಳೆಯದೆಲ್ಲ ಕೆಟ್ಟದ್ದೆಂದಲ್ಲ, ತಾಳ್ಮೆ ಹೆಚ್ಚು ಬೇಕು ಅಷ್ಟೆ.

ಕೊಳ್ಳುವ ಮುನ್ನ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಆಟಿಕೆ ಅಂಗಡಿಗಳಲ್ಲಿ ಇಂಥವು ಸಿಗುವುದು ಅಪರೂಪ. ಬೆಂಗಳೂರು, ಮುಂಬಯಿಗಳ ಹವ್ಯಾಸ ಸಾಮಗ್ರಿಯ ಅಂಗಡಿ ಇಲ್ಲವೆ ಅಂತರಜಾಲವೇ ಗತಿ. ಹೊರದೇಶದ ಬೆಲೆ ನೋಡಿ ಇಲ್ಲಿಯೂ ಅಷ್ಟೇ ಎಂದುಕೊಳ್ಳಬಾರದು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಒಂದೇ ಕಿಟ್‌ಗೆ ಮೂರು ಕಡೆ ದರ ಕೇಳಿ, ಸಾಗಣೆ ವೆಚ್ಚವನ್ನೂ ಕೂಡಿಸಿ ಹೋಲಿಸಬೇಕು.

ಅಂಟು, ಬಣ್ಣ, ಕುಂಚ ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಇವೆಲ್ಲ ಕೂಡಿಯೇ ಬರುವ ಸೆಟ್‌ಗಳೂ ಉಂಟು. ಮೊದಲ ಸಲ ಮಾಡುವವರಿಗೆ ಅವೇ ಅಗ್ಗ. ಕತ್ತರಿಸಲು ಉಗುರು ಕತ್ತರಿಸುವ ನೇಲ್ ಕಟರ್, ಉಜ್ಜಲು ಸಣ್ಣ ಕಾಳಿನ ಸ್ಯಾಂಡ್‌ಪೇಪರ್, ಅಂಟು ಆರುವವರೆಗೆ ಹಿಡಿಯಲು ಬಟ್ಟೆಯ ಕ್ಲಿಪ್ಪು ಸಾಕು. ಹಗ್ಗಕ್ಕೆ ಅವ್ವನ ಹೊಲಿಗೆ ದಾರವಿದೆ.

ಪೆಟ್ಟಿಗೆಯ ಮೇಲಿನ ವಯಸ್ಸು ಮತ್ತು ಕಷ್ಟದ ಮಟ್ಟವನ್ನು ಪಾಲಕರು ತಪ್ಪದೆ ಓದಬೇಕು. ಈ ಅಂಟು ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸಿ ಬೆಸೆಯುವ ದ್ರಾವಕ. ಅದರ ಆವಿ ಒಳ್ಳೆಯದಲ್ಲ. ಕಿಟಕಿ, ಬಾಗಿಲು ತೆರೆದೇ ಕೆಲಸ ಮಾಡಬೇಕು. ಒಲೆಯ ಹತ್ತಿರ ತರಬಾರದು. ಸಣ್ಣ ಮಕ್ಕಳಿಗೆ ಅಂಟಿಲ್ಲದೆ ಒತ್ತಿ ಕೂಡಿಸುವ ಕಿಟ್‌ಗಳೇ ಲೇಸು.

ನನ್ನ ಸಲಹೆ ಇಷ್ಟು. ಎಂಟನೇ ತರಗತಿಯ ಮಗುವಿಗೆ ಅಂಗೈಯಷ್ಟು ದೊಡ್ಡ, ಬಿಡಿಭಾಗ ಕಡಿಮೆಯಿರುವ ಸೆಟ್ ಕೊಡಿಸಿ. ಅದನ್ನು ಮುಗಿಸಿದರೆ 1:220ರಂಥದ್ದು ಕೊಡಿಸಿ. ಮುಗಿಸದಿದ್ದರೆ ಹಾಳಾದದ್ದು ಸ್ವಲ್ಪ ಹಣ ಮಾತ್ರ. ಅದಕ್ಕೂ ಕಷ್ಟವಿದ್ದರೆ ಐದಾರು ಮಕ್ಕಳು ಕೂಡಿ ಒಂದು ಕೊಳ್ಳಲಿ, ಶಾಲೆಯಲ್ಲೇ ಕಟ್ಟಲಿ.

ರೊಕ್ಕಕ್ಕೆ ಏನು ಬಂತು?

ತಂದೆಯ ಪ್ರಶ್ನೆ ಇನ್ನೂ ಬಾಕಿಯಿದೆ. 1:96ರ ಮಾದರಿಯಲ್ಲಿ ಉದ್ದ 96 ಪಟ್ಟು ಕಡಿಮೆ. ತೂಕ ಮಾತ್ರ 96ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 8,84,736 ಪಟ್ಟು ಕಡಿಮೆಯಾಗಬೇಕು. ತುಂಬಿದ ಕಟಿ ಸಾರ್ಕ್‌ನ ತೂಕ ಸುಮಾರು 2,100 ಟನ್ನು. ಹಾಗಾದರೆ ಮಾದರಿ ಅದೇ ಮಟ್ಟದಲ್ಲಿ ತೇಲಲು ಒಟ್ಟು ಸುಮಾರು 2.4 ಕಿಲೋ ತೂಗಬೇಕು. ಟೊಳ್ಳು ಪ್ಲಾಸ್ಟಿಕ್ಕು ಅಷ್ಟು ತೂಗದು. ತೊಟ್ಟಿಗೆ ಬಿಟ್ಟರೆ ಎತ್ತರದ ಕಂಬಗಳ ಭಾರಕ್ಕೆ ಮಗುಚುತ್ತದೆ. ತಳದಲ್ಲಿ ಭಾರ ಏಕೆ ಬೇಕು, ಗುರುತ್ವ ಕೇಂದ್ರ ಎಂದರೇನು ಎಂಬುದು ಕರಿಹಲಗೆಯ ಮೇಲೆ ಹತ್ತು ಸಲ ಬರೆದರೂ ತಲೆಗೆ ಹತ್ತದ ಹುಡುಗನಿಗೆ ಇಲ್ಲಿ ಒಂದೇ ಸಲಕ್ಕೆ ಹತ್ತುತ್ತದೆ. ಪಾಠಪುಸ್ತಕದ ಬದಲಿಗೆ ಕಿಟ್ ಎಂದು ನಾನು ಹೇಳಲಾರೆ. ಪುಸ್ತಕವಾದ ಮೇಲೆ ಉಳಿದ ಹಣದಲ್ಲಿ, ಪಟಾಕಿಗೂ ರಿಮೋಟ್ ಕಾರಿಗೂ ಹೋಗುವ ಬದಲು ಇದಕ್ಕೆ ಹೋಗಲಿ ಎನ್ನುತ್ತೇನೆ.

ಇನ್ನೊಂದು ಮಾತು. ಈ ಪೆಟ್ಟಿಗೆಗಳಲ್ಲಿ ಬರುವುದೆಲ್ಲ ಪರದೇಶದ ಹಡಗುಗಳು. ನಮ್ಮ ಹತ್ತಿ ಹೊತ್ತ ಪತ್ತೆಮಾರಿಯ ಕಿಟ್ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಹಾಗೆಂದು ನಮ್ಮವರು ಹಡಗು ಕಟ್ಟಲು ಅರಿಯದವರಲ್ಲ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ‘ಟ್ರಿಂಕೋಮಲೀ’ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ತೇಲುತ್ತಿದೆ. ನಮ್ಮ ಕರಾವಳಿಯ ಬಡಗಿಗಳ ಲೆಕ್ಕ ಇದ್ದದ್ದು ಕೈಯಲ್ಲಿ, ಕಣ್ಣಿನಲ್ಲಿ. ಕಾಗದಕ್ಕೆ ಇಳಿದದ್ದು ಕಡಿಮೆ. ಅವರು ಹೋದಂತೆ ಲೆಕ್ಕವೂ ಹೋಯಿತು.

ಹರಿಗೋಲಿಗೂ ಅದೇ ಗತಿ ಬರಬಾರದು. ಊರೂರಿಗೆ ಸೇತುವೆ ಬಂದಂತೆ ಹರಿಗೋಲು ಹೆಣೆಯುವವರು ವಿರಳವಾಗುತ್ತಿದ್ದಾರೆ. ಪ್ಲಾಸ್ಟಿಕ್ ಹಡಗು ಕಟ್ಟಿ ಪ್ರಮಾಣದ ಲೆಕ್ಕ ಕಲಿತ ಮಕ್ಕಳು ಒಂದು ರವಿವಾರ ಅಳತೆಯ ಟೇಪು ಹಿಡಿದು ಹೊಳೆಗೆ ಇಳಿಯಲಿ. ಹರಿಗೋಲಿನ ಅಗಲ, ಆಳ, ಬಿದಿರ ಸೀಳುಗಳ ಸಂಖ್ಯೆ, ಹೆಣಿಗೆಯ ಕ್ರಮ ಬರೆದುಕೊಳ್ಳಲಿ. ಹೆಣೆಯುವ ಅಜ್ಜನನ್ನು ಕೇಳಿ ಒಂದೊಂದರ ಹೆಸರನ್ನೂ ಗುರುತು ಮಾಡಿಕೊಳ್ಳಲಿ. 2.4 ಮೀಟರು ಅಗಲದ ಹರಿಗೋಲನ್ನು 1:24ರ ಪ್ರಮಾಣಕ್ಕೆ ಇಳಿಸಿದರೆ ಹತ್ತು ಸೆಂಟಿಮೀಟರು. ಬಿದಿರು ಹಿತ್ತಲಲ್ಲಿದೆ, ಹೊದಿಕೆಗೆ ಹಳೆಯ ಬಟ್ಟೆಯಿದೆ. ಈ ಕಿಟ್ ಯಾವ ಪೇಟೆಯಲ್ಲೂ ಮಾರಾಟಕ್ಕಿಲ್ಲ, ಹೊಳೆಯ ದಂಡೆಯ ಮಕ್ಕಳೇ ಮಾಡಬೇಕು.