ನಮ್ಮ ಬೂತಿನ ಲೆಕ್ಕ ನಮಗೂ ಗೊತ್ತಿರಲಿ

2023ರ ವಿಧಾನಸಭಾ ಚುನಾವಣೆ ಮುಗಿದು ತಿಂಗಳಾಗಿತ್ತು. ಬೀದಿಯ ಚರಂಡಿ ವಿಚಾರ ಕೇಳಲು ಹೋದ ನಮ್ಮ ಚಿಕ್ಕಮ್ಮನಿಗೆ ಗೆದ್ದ ಅಭ್ಯರ್ಥಿಯ ಕಡೆಯ ಮುಖಂಡರೊಬ್ಬರು, "ನಿಮ್ಮ ಬೀದಿಯೋರು ನಮಗೆ ಓಟು ಹಾಕಿಲ್ಲ, ಎಲ್ಲಾ ಗೊತ್ತು ನಮಗೆ" ಅಂದರಂತೆ.

ಮನೆಗೆ ಬಂದು ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ನಾವು ಗುಟ್ಟಾಗಿ ಒತ್ತಿದ್ದು ಅವ್ರಿಗೆ ಹೆಂಗ್ ಗೊತ್ತಾಯ್ತು ಮಗಾ?"

ಪತ್ರಿಕೋದ್ಯಮ ಓದಿ ಬಂದಿದ್ದ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಕಿದಾಗ ಸಿಕ್ಕಿದ್ದು ನಮೂನೆ 20. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ತಯಾರಿಸುವ ಪಟ್ಟಿ ಅದು. ಯಾವ ಬೂತಿನಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಓಟು, ನೋಟಾಗೆ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಗುಟ್ಟೇನೂ ಅಲ್ಲ. ಪಕ್ಷಗಳು ಅದನ್ನು ಇಟ್ಟುಕೊಂಡೇ ಮುಂದಿನ ಚುನಾವಣೆಗೆ ಲೆಕ್ಕ ಹಾಕುತ್ತವೆ. ನಾವು ಮಾತ್ರ ನೋಡಿರುವುದಿಲ್ಲ.

ನಮ್ಮೂರಿನ ಹಾಳೆ ಪ್ರಿಂಟ್ ತೆಗೆಸಿ ಅರಳಿಕಟ್ಟೆಯಲ್ಲಿ ಓದಿದೆ. ಜೊತೆಗೆ ಬೂತಿನ ಮತದಾರರ ಪಟ್ಟಿ ಇಟ್ಟುಕೊಂಡಾಗ ಒಂದು ವಿಷಯ ಗೊತ್ತಾಯಿತು. ನಮ್ಮ ಬೂತಿಗೆ ನಮ್ಮ ಬೀದಿಯೊಂದೇ ಅಲ್ಲ, ಊರಿನ ಅರ್ಧ ಭಾಗ ಮತ್ತು ಪಕ್ಕದ ಹಟ್ಟಿಯೂ ಸೇರಿದೆ. ಮೆಷಿನ್ ಹೇಳುವುದು ಇಡೀ ಬೂತಿನ ಮೊತ್ತವನ್ನು. ಬೀದಿಯ ಲೆಕ್ಕ, ಮನೆಯ ಲೆಕ್ಕ ಅದಕ್ಕೆ ಗೊತ್ತೇ ಇಲ್ಲ. ಆ ಮುಖಂಡರು ಜಾತಿ ನೋಡಿ ಅಂದಾಜು ಹೊಡೆದು, ಚಿಕ್ಕಮ್ಮನನ್ನು ಹೆದರಿಸಿದ್ದರು ಅಷ್ಟೆ.

ಆದರೂ ಬೂತಿನ ಮಟ್ಟಕ್ಕಾದರೂ ಊರು ಬಯಲಾಗುತ್ತದೆ ಎನ್ನುವುದು ಸುಳ್ಳಲ್ಲ. ಇದನ್ನು ತಪ್ಪಿಸಲು ಹಲವು ಬೂತುಗಳ ಮೆಷಿನ್ ಜೋಡಿಸಿ ಒಟ್ಟಿಗೆ ಎಣಿಸುವ 'ಟೋಟಲೈಸರ್' ತರಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಹೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಅದನ್ನೇ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅಲ್ಲಿಯವರೆಗೆ ಲೆಕ್ಕ ಅವರ ಕೈಯಲ್ಲಿ ಮಾತ್ರ ಇರುವುದಕ್ಕಿಂತ ನಮ್ಮ ಕೈಯಲ್ಲೂ ಇರುವುದು ಮೇಲು ಅನ್ನಿಸಿತು ನನಗೆ.

ಆಮೇಲೆ 2018ರ ಹಾಳೆಯನ್ನೂ ತೆಗೆದು ಪಕ್ಕದಲ್ಲಿಟ್ಟೆವು. ಐದು ವರ್ಷದಲ್ಲಿ ನಮ್ಮ ಬೂತಿನ ಲೀಡ್ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗಿತ್ತು. "ಅಂದ್ರೆ ನಾವು ಯಾರ ಜೇಬಲ್ಲೂ ಇಲ್ಲ" ಅಂದರು ಕಟ್ಟೆ ಮೇಲಿದ್ದ ಹಿರಿಯರೊಬ್ಬರು. ಆ ಮಾತಿನಿಂದಲೇ ಮುಂದಿನ ಕೆಲಸ ಶುರುವಾಯಿತು. ಸ್ತ್ರೀಶಕ್ತಿ ಸಂಘದವರು ಮನೆಮನೆಗೆ ಹೋಗಿ "ಮೊದಲು ಏನಾಗಬೇಕು?" ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು. ಹೆಸರು ಬರೆಯಲಿಲ್ಲ, ಯಾರಿಗೆ ಓಟು ಎಂದು ಕೇಳಲಿಲ್ಲ. ಎಲ್ಲಕ್ಕಿಂತ ಮೇಲೆ ಬಂದಿದ್ದು ಕುಡಿಯುವ ನೀರು, ಆಮೇಲೆ ಚರಂಡಿ.

ಆ ಲೆಕ್ಕವನ್ನು ಮೂರೂ ಪಕ್ಷದ ಸ್ಥಳೀಯರಿಗೆ ಒಂದೇ ದಿನ ಕೊಟ್ಟೆವು. ಟಿಕೆಟ್ ಕೊಡುವ ಮುಂಚೆ ನಮ್ಮನ್ನೂ ಕೇಳಿ ಎಂದೂ ಬರೆದಿದ್ದೆವು. ಒಬ್ಬರು ಬಂದು ಕೂತು ಓದಿದರು. ಒಬ್ಬರು ಮಡಚಿ ಜೇಬಿಗಿಟ್ಟುಕೊಂಡರು. ಇನ್ನೊಬ್ಬರು "ಟಿಕೆಟ್ ಬೆಂಗಳೂರು, ದೆಹಲಿಲಿ ಆಗೋದು, ನನ್ನನ್ನೇ ಯಾರೂ ಕೇಳಲ್ಲ" ಎಂದು ನಕ್ಕರು.

ಅವರು ಹೇಳಿದ್ದು ನಿಜ. 2022ರಲ್ಲಿ ಪಂಜಾಬಿನಲ್ಲಿ ಆಮ್ ಆದ್ಮಿ ಪಕ್ಷ ಫೋನಿನಲ್ಲಿ ಜನರ ಅಭಿಪ್ರಾಯ ಕೇಳಿ ಭಗವಂತ್ ಮಾನ್ ಅವರನ್ನು ಮುಖ್ಯಮಂತ್ರಿ ಅಭ್ಯರ್ಥಿ ಎಂದು ಘೋಷಿಸಿತ್ತು. ಶೇ 93ರಷ್ಟು ಜನ ಅವರ ಹೆಸರು ಹೇಳಿದರು ಎಂದಿತ್ತು ಪಕ್ಷ. ಕೇಳಿದ್ದು ಒಳ್ಳೆಯದೇ. ಆದರೆ ಕೇಳಿದವರೂ ಅವರೇ, ಎಣಿಸಿದವರೂ ಅವರೇ. ಎಣಿಕೆ ಊರಿನ ಎದುರಲ್ಲೇ ನಡೆದರೆ ಯಾರೂ ಅನುಮಾನ ಪಡಬೇಕಾಗಿಲ್ಲ.

ಚರಂಡಿ ಇನ್ನೂ ಆಗಿಲ್ಲ. ಆದರೆ ಮೊನ್ನೆ ಅದೇ ಮುಖಂಡರು ಎದುರಾದಾಗ ಚಿಕ್ಕಮ್ಮ ಕೇಳಿದಳಂತೆ: "ಅಣ್ಣಾ, ನಮ್ ಬೀದಿ ಓಟು ಯಾವ ಹಾಳೇಲಿದೆ, ಸ್ವಲ್ಪ ತೋರ್ಸಿ?"

ನಿಮ್ಮ ಬೂತಿನ ನಮೂನೆ 20 ಹುಡುಕಿ ನೋಡಿ. ಸಿಗದಿದ್ದರೆ ನಮಗೆ ಬರೆಯಿರಿ, ಜೊತೆಗೆ ಕೂತು ಹುಡುಕೋಣ.