ರಂಗನತಿಟ್ಟಿನ ದೋಣಿಯಲ್ಲಿ ಎರಡು ಕ್ಯಾಮೆರಾ

ರಂಗನತಿಟ್ಟಿಗೆ ಹೋಗಿ ಬಂದವರ ಮೊಬೈಲ್‌ನಲ್ಲಿ ಒಂದು ಫೋಟೊ ಇದ್ದೇ ಇರುತ್ತೆ. ಕಾವೇರಿ ನೀರು, ನಡುವೆ ಬಂಡೆ, ಅದರಾಚೆ ಮರ, ಮರದ ತುಂಬ ಬಿಳಿ ಚುಕ್ಕೆಗಳು. ಅವು ಕೊಕ್ಕರೆಗಳು ಅಂತ ನಾವೇ ಬಾಯಿಬಿಟ್ಟು ಹೇಳಬೇಕು. ಬೆರಳಲ್ಲಿ ಹಿಗ್ಗಿಸಿದರೆ ಚುಕ್ಕೆ ದೊಡ್ಡದಾಗುತ್ತದೆಯೇ ಹೊರತು ಹಕ್ಕಿ ಆಗೋದಿಲ್ಲ.

ನಮ್ಮ ಮನೆಯಲ್ಲಿ ಕ್ಯಾಮೆರಾ ಮಾತು ಶುರುವಾಗಿದ್ದು ಈ ಚುಕ್ಕೆಗಳಿಂದಲೇ. ಅಪ್ಪ ನಿವೃತ್ತ ಜೀವಶಾಸ್ತ್ರ ಮೇಷ್ಟ್ರು. ಅಮ್ಮ ತೀರಿಕೊಂಡ ಮೇಲೆ ಮನೆಯಿಂದ ಹೊರಗೆ ಕಾಲಿಡೋದೇ ಅಪರೂಪ ಆಗಿತ್ತು. ಹಕ್ಕಿ ನೋಡೋಣ ಬನ್ನಿ ಅಂದ್ರೆ ಮಾತ್ರ ಹೊರಡ್ತಾರೆ. ಆದರೆ ಮೊಬೈಲ್ ಪರದೆ ನೋಡಿ, 'ಇದರಲ್ಲೇನು ಕಾಣುತ್ತೆ?' ಅಂತ ವಾಪಸ್ ಕೊಟ್ಟುಬಿಡ್ತಾರೆ. ಕೈ ಬೇರೆ ಸ್ವಲ್ಪ ನಡುಗುತ್ತೆ. ದೊಡ್ಡ ಲೆನ್ಸ್ ಹೊರೋಕೆ ಆಗಲ್ಲ. ಹಾಗಾಗಿ ನಾವು ಹುಡುಕ್ತಿದ್ದದ್ದು ಜೇಬಲ್ಲಿ ಹಿಡಿಸುವ, ದೂರದ್ದನ್ನು ಹತ್ತಿರ ತರುವ ಕ್ಯಾಮೆರಾ.

ಕೊಳ್ಳುವ ಮೊದಲು ಎರಡನ್ನು ಸ್ನೇಹಿತರಿಂದ ಎರವಲು ತಂದೆ. ಒಂದು, ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 740 ಎಚ್‌ಎಸ್. 40 ಎಕ್ಸ್ ಜೂಮ್, ಸುಮಾರು 300 ಗ್ರಾಂ. ಇನ್ನೊಂದು, ಪ್ಯಾನಸೋನಿಕ್ ಲ್ಯೂಮಿಕ್ಸ್ ಟಿಜೆಡ್ 200. 15 ಎಕ್ಸ್, ಸುಮಾರು 340 ಗ್ರಾಂ. ಎರಡೂ 2018ರಲ್ಲಿ ಬಂದವು. ಫೋನ್‌ಗಳು ಈ ಮಾರುಕಟ್ಟೆಯನ್ನು ನುಂಗಿದ ಮೇಲೆ ಇಂಥ ಪುಟ್ಟ ಜೂಮ್ ಕ್ಯಾಮೆರಾಗಳು ಬರೋದೇ ಕಡಿಮೆಯಾಗಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹೆಚ್ಚಾಗಿ ಸಿಗೋದು ಈ ಕಾಲದ ಮಾಡೆಲ್‌ಗಳೇ.

ಎಕ್ಸ್ ಅಂದ್ರೆ ಏನು?

ಮೊದಲು ಈ ಎಕ್ಸ್ ಲೆಕ್ಕ ಬಿಡಿಸೋಣ. ಎಕ್ಸ್ ಅಂದ್ರೆ ಲೆನ್ಸಿನ ಎರಡು ತುದಿಗಳ ಅನುಪಾತ, ಅಷ್ಟೇ. ಹಳೇ ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ ಹೇಳೋದಾದ್ರೆ ಕ್ಯಾನನ್ 24ರಿಂದ 960 ಮಿಲಿಮೀಟರ್‌ವರೆಗೆ ಹೋಗುತ್ತೆ, ಪ್ಯಾನಸೋನಿಕ್ 24ರಿಂದ 360ರವರೆಗೆ. ಕಾಗದದ ಮೇಲೆ ಕ್ಯಾನನ್ ಎರಡೂವರೆ ಪಟ್ಟಿಗೂ ಹೆಚ್ಚು ಮುಂದೆ.

ಆದರೆ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರೆಯದ ಇನ್ನೊಂದು ಅಳತೆ ಇದೆ: ಸೆನ್ಸರ್. ಬೆಳಕು ಬಂದು ಬೀಳುವ ಚಿಪ್ ಅದು. ಪ್ಯಾನಸೋನಿಕ್‌ನಲ್ಲಿರೋದು ಒಂದಿಂಚಿನ ಸೆನ್ಸರ್. ವಿಸ್ತೀರ್ಣದಲ್ಲಿ ಕ್ಯಾನನ್ ಸೆನ್ಸರ್‌ಗಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ದೊಡ್ಡ ಸೆನ್ಸರ್‌ಗೆ ದೊಡ್ಡ ಲೆನ್ಸ್ ಬೇಕು. ಅದನ್ನು ಜೇಬಿಗೆ ಇಳಿಸಬೇಕು ಅಂದ್ರೆ ಜೂಮ್ ಕಡಿಮೆ ಮಾಡಲೇಬೇಕು. ಹೀಗೆ ಒಬ್ಬರು ದೂರವನ್ನು ಆರಿಸಿಕೊಂಡರು, ಇನ್ನೊಬ್ಬರು ಬೆಳಕನ್ನು.

ದೋಣಿ ಮೇಲೆ

ಫೆಬ್ರವರಿಯ ಒಂದು ಬೆಳಗ್ಗೆ ಹೊರಟೆವು. ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕದಲ್ಲೇ. 17ನೇ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಮೂಡಿದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಅರಸರ ಮನವೊಲಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯ್ತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಇದನ್ನೆಲ್ಲ ಟಿಕೆಟ್ ಸಾಲಿನಲ್ಲೇ ಅಪ್ಪ ನನಗೆ ಪಾಠ ಮಾಡಿ ಮುಗಿಸಿದ್ರು.

ದೋಣಿ ಹತ್ತಿದ ಮೇಲೆ ಕ್ಯಾನನ್ ಅಪ್ಪನ ಕೈಗೆ ಕೊಟ್ಟೆ. ಪೂರ್ತಿ ಜೂಮ್ ಮಾಡಿದಾಗ ಬಣ್ಣದ ಕೊಕ್ಕರೆಯ ಹಳದಿ ಕೊಕ್ಕು, ಬೆನ್ನಿನ ಹಿಂದಿನ ಗುಲಾಬಿ ಗರಿ ಪರದೆ ತುಂಬಿತು. 'ಅರೆರೆ!' ಅಂದ್ರು. ಮರುಕ್ಷಣ ಕೊಕ್ಕರೆ ಮಾಯ. ದೋಣಿ ಒಂಚೂರು ವಾಲಿದ್ರೂ ಸಾಕು, 960 ಮಿಲಿಮೀಟರ್‌ನಲ್ಲಿ ಹಕ್ಕಿ ಚೌಕಟ್ಟಿನಿಂದ ಆಚೆ. ಕಳೆದುಹೋದ ಹಕ್ಕಿ ಹುಡುಕೋಕೆ ಕ್ಯಾನನ್‌ನಲ್ಲೊಂದು ಬಟನ್ ಇದೆ. ಒತ್ತಿ ಹಿಡಿದರೆ ಜೂಮ್ ಹಿಂದೆ ಬರುತ್ತೆ, ಬಿಟ್ಟರೆ ಮತ್ತೆ ಮುಂದೆ ಹೋಗುತ್ತೆ. ಈ ಬಟನ್ ನಿಜಕ್ಕೂ ಉಪಯೋಗಕ್ಕೆ ಬಂತು.

ತೊಂದರೆ ಆಗಿದ್ದು ಬಿಸಿಲಿನಿಂದ. ಎಸ್‌ಎಕ್ಸ್ 740ಯಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಹಿಂದಿನ ಪರದೆಯಷ್ಟೇ. ನೀರಿನ ಹೊಳಪಿಗೆ ಪರದೆ ಮಸುಕಾಗಿ, ಅಪ್ಪ ಕೈ ಮುಂದೆ ಚಾಚಿ ನೋಡಬೇಕಾಯ್ತು. ಚಾಚಿದ ಕೈ ಇನ್ನೂ ಹೆಚ್ಚು ನಡುಗುತ್ತೆ. ಕೈಯಲ್ಲಿ ಹಿಡಿದು ತೆಗೆಯುವಾಗ ಹಳೇ ಲೆಕ್ಕವೊಂದಿದೆ: 960 ಮಿಲಿಮೀಟರ್ ಅಂದ್ರೆ ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಹತ್ತಿರ ಇರಬೇಕು. ಜೂಮ್ ತುದಿಯಲ್ಲಿ ಲೆನ್ಸ್ ಎಫ್ 6.9ಕ್ಕೆ ಇಳಿದಿರುತ್ತೆ. ಅಂದ್ರೆ ಅಗಲದ ತುದಿಯ ಎಫ್ 3.3ಕ್ಕೆ ಹೋಲಿಸಿದರೆ ಕಾಲುಭಾಗದಷ್ಟೂ ಬೆಳಕು ಒಳಗೆ ಬರಲ್ಲ. ಬಿಸಿಲಲ್ಲಿದ್ದ ಕೊಕ್ಕರೆ ಚೆನ್ನಾಗಿ ಬಂತು. ನೆರಳಲ್ಲಿ ಕೂತಿದ್ದ ಬಾವಲಿಗಳು ಅಕ್ಕಿಹಿಟ್ಟು ಉದುರಿಸಿದ ಹಾಗೆ ಚುಕ್ಕೆ ಚುಕ್ಕೆ.

ಆಮೇಲೆ ಪ್ಯಾನಸೋನಿಕ್. ಇದರಲ್ಲಿ ಮೂಲೆಯಲ್ಲೊಂದು ಪುಟ್ಟ ವ್ಯೂಫೈಂಡರ್ ಇದೆ. ಅಪ್ಪ ಅದನ್ನು ಹಣೆಗೆ ಆನಿಸಿ, ಮೊಣಕೈ ಪಕ್ಕೆಗೆ ಒತ್ತಿಕೊಂಡರು. ನಡುಕ ಅರ್ಧಕ್ಕರ್ಧ ಕಡಿಮೆಯಾಯ್ತು, ಯಾವ ತಂತ್ರಜ್ಞಾನವೂ ಇಲ್ಲದೆ. ಹಕ್ಕಿ ಚಿಕ್ಕದಾಗಿ ಕಂಡಿತು, ನಿಜ. ಆದರೆ 20 ಮೆಗಾಪಿಕ್ಸೆಲ್ ಚಿತ್ರವನ್ನು ಕ್ಯಾನನ್‌ನ ಚೌಕಟ್ಟಿಗೆ ಸರಿಯಾಗಿ ಕತ್ತರಿಸಿದರೂ ಸುಮಾರು 2.8 ಮೆಗಾಪಿಕ್ಸೆಲ್ ಉಳಿಯುತ್ತೆ. ಪೂರ್ಣ ಎಚ್‌ಡಿ ಪರದೆಗೆ ಬೇಕಿರೋದು 2 ಮೆಗಾಪಿಕ್ಸೆಲ್. ಫ್ಯಾಮಿಲಿ ಗ್ರೂಪಿಗೆ ಕಳಿಸೋಕೆ ಧಾರಾಳ ಸಾಕು. ಗೋಡೆಗೆ ದೊಡ್ಡದಾಗಿ ಹಾಕಿಸೋಕೆ ಸಾಲದು.

ದೂರದ ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಹಲ್ಲು ಎಣಿಸಬೇಕು ಅಂದ್ರೆ ಮಾತ್ರ ಕ್ಯಾನನ್ನೇ ಗೆದ್ದಿತು. ಅದನ್ನು ಒಪ್ಪಲೇಬೇಕು. ಇನ್ನು ಬಿಸಿಲೇರಿ ನೀರಿನ ಮೇಲೆ ಗಾಳಿ ಕುದಿಯೋಕೆ ಶುರುವಾದ ಮೇಲೆ ಎರಡರಲ್ಲೂ ದೂರದ ಚಿತ್ರ ಕಲಸಿಹೋಯ್ತು. ಆ ಕಲಕಿಗೆ ಯಾವ ಲೆನ್ಸಲ್ಲೂ ಮದ್ದಿಲ್ಲ. ಬೇಗ ಎದ್ದು ಹೋಗಬೇಕು, ಅಷ್ಟೇ.

ವಿಡಿಯೊ ವಿಷಯ

ಎರಡರಲ್ಲೂ 4ಕೆ ವಿಡಿಯೊ ಬರುತ್ತೆ. ಎರಡಕ್ಕೂ ಹೊರಗಿನ ಮೈಕ್ ಸಿಕ್ಕಿಸುವ ಕಿಂಡಿ ಇಲ್ಲ. ಪ್ಯಾನಸೋನಿಕ್‌ನಲ್ಲಿ 4ಕೆಗೆ ಬದಲಿಸಿದ ಕೂಡಲೇ ಚೌಕಟ್ಟು ಕಿರಿದಾಗುತ್ತೆ. ಹಕ್ಕಿಗೆ ಅದು ಲಾಭ, ಚಿಕ್ಕ ಕೋಣೆಯಲ್ಲಿ ಮನೆಮಂದಿಯನ್ನೆಲ್ಲ ಹಿಡಿಸೋಕೆ ನಷ್ಟ. ಕ್ಯಾನನ್‌ನ ಪರದೆ ಮೇಲಕ್ಕೆ ಮಡಚಿ ನಮ್ಮ ಕಡೆಗೇ ತಿರುಗುತ್ತೆ. ರೀಲ್ಸ್ ಮಾಡೋರಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ಯಾನಸೋನಿಕ್ ಪರದೆ ಮುಟ್ಟಿದರೆ ಕೆಲಸ ಮಾಡುತ್ತೆ, ಆದರೆ ಅಲುಗಾಡಲ್ಲ.

ದೋಣಿಯಲ್ಲಿ ಪೂರ್ತಿ ಜೂಮ್ ಮಾಡಿ ತೆಗೆದ ವಿಡಿಯೊಗಳು ಎರಡರಲ್ಲೂ ನೋಡಿದ್ರೆ ತಲೆ ಸುತ್ತುವ ಹಾಗಿದ್ದವು. ಉಳಿಸಿಕೊಂಡದ್ದು ಜೂಮ್ ಇಲ್ಲದೆ ತೆಗೆದ ಒಂದನ್ನು. ಹುಟ್ಟಿನ ಸದ್ದು, ಗಾಳಿಯ ಗೊರಗೊರ, ಅದರ ಮೇಲೆ ಅಪ್ಪನ ದನಿ: 'ಅದು ಬಾಯ್ಕಳಕ. ಕೊಕ್ಕು ಮುಚ್ಚಿದ್ರೂ ನಡುವೆ ಸಂದು ಇರುತ್ತೆ ನೋಡು. ಬಸವನಹುಳು ಹಿಡಿಯೋಕೆ.' ಅಮ್ಮನ ದನಿ ಅಂತ ನಮ್ಮಲ್ಲಿ ಉಳಿದಿರೋದು ಎರಡು ವಾಟ್ಸಾಪ್ ವಾಯ್ಸ್ ನೋಟ್ ಮಾತ್ರ. ಒಂದರಲ್ಲಿ ತರಕಾರಿ ತಾ ಅಂತಾರೆ, ಇನ್ನೊಂದರಲ್ಲಿ ಎಲ್ಲಿದ್ದೀಯ ಅಂತಾರೆ. ಹಾಗಾಗಿ ಬಾಯ್ಕಳಕದ ಈ ಒಂದೂವರೆ ನಿಮಿಷವನ್ನು ನಾನು ಮೂರು ಕಡೆ ಸೇವ್ ಮಾಡಿಟ್ಟಿದ್ದೀನಿ.

ಟ್ಯೂಬ್‌ಲೈಟ್ ಪರೀಕ್ಷೆ

ದಿನನಿತ್ಯದ ಫೋಟೊ ಅಂದ್ರೆ ಹಕ್ಕಿ ಮಾತ್ರ ಅಲ್ವಲ್ಲ. ಸಂಜೆ ಶ್ರೀರಂಗಪಟ್ಟಣದ ಒಂದು ಚಿಕ್ಕ ಹೋಟೆಲಲ್ಲಿ ದೋಸೆ ಮುಂದಿಟ್ಟುಕೊಂಡು ಎರಡರಲ್ಲೂ ಅಪ್ಪನ ಫೋಟೊ ತೆಗೆದೆ. ಇಲ್ಲಿ ಹೋಲಿಕೆ ಸುಲಭ, ಯಾಕಂದ್ರೆ ಅಗಲದ ತುದಿಯಲ್ಲಿ ಎರಡೂ 24 ಮಿಲಿಮೀಟರ್, ಎರಡೂ ಎಫ್ 3.3. ವ್ಯತ್ಯಾಸ ಮುಖ್ಯವಾಗಿ ಸೆನ್ಸರಿನದು. ಪ್ಯಾನಸೋನಿಕ್‌ನಲ್ಲಿ ಅಪ್ಪನ ಗಡ್ಡದ ಬಿಳಿ ಕೂದಲು ಬಿಡಿಬಿಡಿಯಾಗಿ ಕಂಡವು. ಕ್ಯಾನನ್‌ನಲ್ಲಿ ಬಳಿದ ಹಾಗಿತ್ತು. ನಿಜ ಹೇಳಬೇಕು ಅಂದ್ರೆ ಅಲ್ಲಿ ನನ್ನ ಫೋನೇ ಕ್ಯಾನನ್‌ಗಿಂತ ಚೆನ್ನಾಗಿ ತೆಗೀತು.

ಹಾಗಾದರೆ ಯಾವುದು?

ಮನೆಯೊಳಗಿನ ಫೋಟೊಗೆ ಫೋನ್ ಇದೆ, ಬೇಕಿರೋದು ದೂರ ಮಾತ್ರ, ಅದೂ ಹಗಲಲ್ಲಿ ಅನ್ನೋರಿಗೆ 40 ಎಕ್ಸ್ ಸರಿ. ಸ್ಟೇಡಿಯಂ, ಮಕ್ಕಳ ಸ್ಪೋರ್ಟ್ಸ್ ಡೇ, ಹುಣ್ಣಿಮೆ ಚಂದ್ರ, ಇವಕ್ಕೆಲ್ಲ ಖುಷಿ ಕೊಡುತ್ತೆ. ಜೂಮೂ ಬೇಕು, ವ್ಯೂಫೈಂಡರೂ ಬೇಕು, ಹಗುರವಾಗಿಯೂ ಇರಲಿ ಅಂದ್ರೆ ಸೋನಿ ಎಚ್‌ಎಕ್ಸ್ 99 ಇದೆ. 30 ಎಕ್ಸ್, ಒತ್ತಿದರೆ ಮೇಲೇಳುವ ವ್ಯೂಫೈಂಡರ್, 250 ಗ್ರಾಂಗೂ ಕಡಿಮೆ. ಸೆನ್ಸರ್ ಮಾತ್ರ ಕ್ಯಾನನ್‌ನಷ್ಟೇ ಚಿಕ್ಕದು.

ಕೈ ನಡುಗೋರು, ಕನ್ನಡಕ ಹಾಕೋರು, ಬೆಳಗ್ಗೆ ಸಂಜೆಯ ಮಂದ ಬೆಳಕಲ್ಲಿ ತಿರುಗಾಡೋರು ಮೊದಲು ವ್ಯೂಫೈಂಡರ್ ಮತ್ತು ಸೆನ್ಸರ್ ನೋಡಿ, ಆಮೇಲೆ ಎಕ್ಸ್ ನೋಡಿ. ಹಳೇದು ಕೊಳ್ಳೋದಾದ್ರೆ ಪೂರ್ತಿ ಜೂಮ್ ಮಾಡಿ ಬರೀ ಆಕಾಶದ್ದೊಂದು ಫೋಟೊ ತೆಗೀರಿ. ಕಪ್ಪು ಕಲೆಗಳು ಕಂಡರೆ ಒಳಗೆ ಧೂಳು ಹೋಗಿದೆ ಅಂತ ಅರ್ಥ. ಮುಖ್ಯವಾಗಿ, ಬಳಸೋರ ಕೈಗೇ ಕೊಟ್ಟು ನೋಡಿ.

ನಾವು ಸೆಕೆಂಡ್ ಹ್ಯಾಂಡ್ ಟಿಜೆಡ್ 200 ತಗೊಂಡ್ವಿ. ಅಪ್ಪನಿಗೆ 15 ಎಕ್ಸ್ ಸಾಲಲ್ಲ ಅನ್ನಿಸಿದ ದಿನ ಅವರೇ ಉಪಾಯ ಹುಡುಕಿದ್ರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರ್ಕೊಂಡು ಹೋಗು ಅಂದ್ರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರಿನ ಮನೆಗಳ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ. ಮುಂದಿನ ಭಾನುವಾರ ಹೊರಡೋದು. ಬ್ಯಾಟರಿ ಚಾರ್ಜ್ ಮಾಡು ಅಂತ ಈಗಲೇ ಎರಡು ಸಲ ನೆನಪಿಸಿದ್ದಾರೆ.