ಕಾಲಿಲ್ಲದ ಮೇಜು

ತೇಗಕ್ಕೆ ಹೆಸರಾದ ದಾಂಡೇಲಿ, ಜೋಯಿಡಾ ಸೀಮೆಯಲ್ಲಿಯೂ ಮೇಜಿನ ಕಾಲುಗಳಿಗೆ ಮಳೆಗಾಲವೇ ಶತ್ರು. ನೆಲದ ತೇವ ಮೇಲೇರುತ್ತದೆ. ಅದರ ಬೆನ್ನಿಗೇ ಗೆದ್ದಲು. ತೇಗದ ತಿರುಳು ಗೆದ್ದಲಿಗೆ ಸುಲಭವಾಗಿ ಬಗ್ಗದು. ಹೊರಗಿನ ಬೆಳುಮರ ಮಾತ್ರ ಉಳಿಯದು. ಆದುದರಿಂದ ಮೊಮ್ಮಗಳ ಓದಿಗಾಗಿ, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಗೋಡೆಗೆ ಬಿಗಿದ, ಕಾಲಿಲ್ಲದ ಮೇಜನ್ನು ಮಾಡಿಸಿದೆವು.

ಬಡಗಿ ಹಲಗೆಯ ಮಾತೆತ್ತುವ ಮೊದಲು ಗೋಡೆಯನ್ನು ತಟ್ಟಿ ನೋಡಿದರು. ಮಗು ಮುಂದಿನ ಅಂಚಿಗೆ ಮೊಣಕೈ ಊರಿದಾಗ ಕಬ್ಬಿಣದ ಆಸರೆಯ ಕೆಳತುದಿ ಗೋಡೆಯನ್ನು ಒತ್ತುತ್ತದೆ; ಮೇಲ್ತುದಿ ಬೋಲ್ಟನ್ನು ಹೊರಕ್ಕೆ ಜಗ್ಗುತ್ತದೆ. ಬರಿಯ ಗಿಲಾವು ಅದನ್ನು ತಾಳದು. ಬೋಲ್ಟು ಒಳಗಿನ ಚಿರೆಕಲ್ಲನ್ನೋ ಇಟ್ಟಿಗೆಯನ್ನೋ ಕಚ್ಚಿ ಹಿಡಿಯಬೇಕು. ಮಣ್ಣಿನ ಗೋಡೆಯ ಮನೆಯವರು ಕಾಲುಳ್ಳ ಮೇಜನ್ನೇ ನೆಚ್ಚುವುದು ಲೇಸು.

ಈ ಮಳೆಗಾಲದಲ್ಲಿ ಮಗುವಿನ ಪುಸ್ತಕಗಳಿಗೆ ನೆಲದ ತೇವ ತಾಗಲಿಲ್ಲ. ನಮಗೆ ಅಷ್ಟೇ ಬೇಕಿತ್ತು.